ವರಾಛಾದ ಕೇಳುಗ

ಸೂರತ್ತಿನ ವರಾಛಾದಲ್ಲಿ ಸುಧಾಕರ ಎಂಬ ಕೇಳುಗ ಇರಲಿಲ್ಲ. ಅವನು ನನಗೆ ಫೋನ್ ಮಾಡಲಿಲ್ಲ, ಹಾಡು ಕೇಳಲಿಲ್ಲ, ಹೆಂಡತಿಯ ಸುದ್ದಿ ಎತ್ತಿದಾಗ ಅವನ ಗಂಟಲು ಕಟ್ಟಲಿಲ್ಲ. ಅವನ ಹೆಸರಿನಲ್ಲಿ ನಾನು ರೇಡಿಯೋದಲ್ಲಿ ಓದಿದ ಒಂದೊಂದು ಮಾತನ್ನೂ ನಾನೇ ಕಟ್ಟಿದ್ದು. ಎರಡು ವರ್ಷ — ಭಾನುವಾರದ ಮೇಲೆ ಭಾನುವಾರ — ಇಲ್ಲದ ಒಬ್ಬ ಗಂಡಸನ್ನು ಜೀವಂತ ಇಟ್ಟೆ. ಅದರಿಂದ ಇರುವ ಒಬ್ಬ ಹೆಂಗಸಿನ ಬದುಕು ನಿಂತುಹೋಯಿತು.

ನನ್ನ ಹೆಸರು ಶ್ರೀನಿವಾಸ. ಇಲ್ಲಿಯ ಕನ್ನಡದವರಿಗೆಲ್ಲ ಶೀನಣ್ಣ. ಎಪ್ಪತ್ತನಾಲ್ಕು ವರ್ಷ. ಉಡುಪಿ ಕಡೆಯವನು. ಸೂರತ್ತಿನಲ್ಲಿ ಹದಿನೆಂಟು ವರ್ಷ, ಆಮೇಲೆ ವಡೋದರಾದ ಆಲ್ಕಾಪುರಿಯಲ್ಲಿ, ಹೋಟೆಲ್ ಮ್ಯಾನೇಜರ್ ಆಗಿದ್ದವನು. ಕೀಟಲೆಯಲ್ಲಿ ನನ್ನನ್ನು ಮೀರಿಸುವವನು ವಾಪಿಯಿಂದ ಅಹಮದಾಬಾದಿನ ತನಕ ಹುಟ್ಟಿರಲಿಲ್ಲ. ಇದನ್ನು ಈಗಲೂ ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ, ನೋಡಿ, ಚಟ ಹೋಗುವುದಿಲ್ಲ. ಉದ್ದಿನವಡೆಗೆ ತೂತು ಯಾಕೆ ಎಂದು ಕೇಳಿದ ಗುಜರಾತಿ ಗಿರಾಕಿಗೆ, ಸಾಂಬಾರು ಎಷ್ಟು ಆಳ ಇದೆ ಎಂದು ಇಣುಕಿ ನೋಡುವುದಕ್ಕೆ ಎಂದು ಹೇಳಿ, ಅವನು ವಡೆಯನ್ನು ಕಣ್ಣಿಗೆ ಹಿಡಿಯುವಂತೆ ಮಾಡಿದವನು ನಾನು. ಇವತ್ತು ಧಣಿಗಳು ಎಲ್ಲರಿಗೂ ರಜೆ ಕೊಟ್ಟಿದ್ದಾರೆ ಎಂದು ಅಡುಗೆಯವರನ್ನೆಲ್ಲ ಕಳಿಸಿಬಿಟ್ಟು, ಧಣಿಗಳೇ ಬಂದು ಮುಚ್ಚಿದ ಬಾಗಿಲ ಬೀಗ ಅಲ್ಲಾಡಿಸುತ್ತ ನಿಂತದ್ದನ್ನು ಎದುರಿನ ಪಾನ್ ಅಂಗಡಿಯಿಂದ ನೋಡಿ ನಕ್ಕವನೂ ನಾನೇ. ಆಮೇಲೆ ಎಲ್ಲರೂ ನಕ್ಕರು. ಕೊನೆಗೆ ಧಣಿಗಳೂ ನಕ್ಕರು. ನನ್ನ ಕೀಟಲೆಗಳೆಲ್ಲ ಹಾಗೇ ಮುಗಿಯುತ್ತಿದ್ದವು. ಅದೇ ನನ್ನನ್ನು ಕೆಡಿಸಿದ್ದು — ಎಂದು ಬರೆಯಲು ಹೊರಟಿದ್ದೆ. ಬೇಡ. ನಾನು ಕೆಟ್ಟದ್ದು ನನ್ನಿಂದಲೇ.

ಕೆಲಸದಿಂದ ನಿವೃತ್ತನಾದ ಮೇಲೆ ಬಾಯಿಗೆ ಕೆಲಸ ಇರಲಿಲ್ಲ. ನಮ್ಮ ಕಟ್ಟಡದಲ್ಲಿ ಬಾಡಿಗೆಗಿದ್ದ ಕಾವ್ಯ, ಧಾರವಾಡದ ಹುಡುಗಿ, ಇಲ್ಲೊಂದು ಕಂಪನಿಯಲ್ಲಿ ಕೆಲಸ ಮಾಡುವವಳು, ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕಿ ಹೇಳಿದಳು: "ಅಂಕಲ್, ನಿಮ್ಮ ಬಾಯಿ ಅಂತೂ ಸುಮ್ನ ಇರಂಗಿಲ್ಲ. ಒಂದು ರೇಡಿಯೋನ ಮಾಡಿಬಿಡ್ರಿ." ನಾನು ತಮಾಷೆ ಎಂದುಕೊಂಡೆ. ಅವಳು ನಿಜವಾಗಿಯೂ ಮಾಡಿಕೊಟ್ಟಳು. ಕನ್ನಡ ಸಂಘದ ಮೇಲಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ಮೈಕ್. ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ವಡೋದರಾ, ಸೂರತ್, ಅಹಮದಾಬಾದ್ — ಎಲ್ಲಿಯ ಕನ್ನಡದವರು ಬೇಕಾದರೂ ಕೇಳಬಹುದು. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದು.

ಆ ಒಂದು ಗಂಟೆಗಾಗಿ ನಾನು ವಾರವಿಡೀ ಯೋಚಿಸುತ್ತಿದ್ದೆ. ಒಂಬತ್ತು ಹಾಡು. ಮೊದಲು ದೇವರದ್ದೊಂದು, ಸಣ್ಣದು. ಆಮೇಲೆ ಹೆಂಗಸರು ಒಲೆಯ ಹತ್ತಿರ ಇರುವ ಹೊತ್ತಿಗೆ ಹಳೆಯ ಸಿನಿಮಾದ ಎರಡು. ನಡುವೆ ಮಕ್ಕಳಿಗಾಗಿ ಕುಣಿಯುವಂಥದ್ದು — ಇಲ್ಲಿಯ ಮಕ್ಕಳಿಗೆ ಕನ್ನಡದ ಮಾತು ಅರ್ಧ ತಿಳಿಯುವುದಿಲ್ಲ, ತಾಳ ತಿಳಿಯುತ್ತದೆ. ಎರಡು ದುಃಖದ ಹಾಡು ಅಕ್ಕಪಕ್ಕ ಬರಬಾರದು. ಎರಡು ಗಂಡು ಕಂಠದ ಮಧ್ಯೆ ಒಂದು ಹೆಣ್ಣು ಕಂಠ. ಕೊನೆಯದು ಭಾವಗೀತೆ, ಮುಗಿದ ಮೇಲೂ ಕೇಳುವವರು ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಇದನ್ನು ಯಾರೂ ನನಗೆ ಕಲಿಸಲಿಲ್ಲ. ಎಲೆಗೆ ಬಡಿಸಿದವನಿಗೆ ಯಾವುದರ ಹಿಂದೆ ಯಾವುದು ಎಂದು ಹೇಳಿಕೊಡಬೇಕಾಗಿಲ್ಲ.

ಆದರೆ ಹಾಡು ಯಾರು ಕೇಳಿದ್ದು ಎಂದು ಹೆಸರು ಓದದಿದ್ದರೆ ಅದು ಎಂತಹ ರೇಡಿಯೋ? ಹೆಸರೇ ಬರಲಿಲ್ಲ. ಹಾಗಾಗಿ ನಾನೇ ಹೆಸರು ಮಾಡಿದೆ. ಕಾವ್ಯ ಮೊದಲ ವಾರವೇ ಹಿಡಿದಳು.

"ಅಂಕಲ್, ರಿಕ್ವೆಸ್ಟ್ ಒಂದೂ ಬಂದಿಲ್ಲ. ನೀವು ಆರು ಹೆಸರು ಓದಿದ್ರಲ್ರೀ!"

"ಮೊದ್ಲು ನಾಲ್ಕು ಜನ ಕೂತಿದ್ರೆ ಮಾತ್ರ ಹೋಟೆಲಿಗೆ ಐದನೆಯವ ಬರುದು, ಮಾರಾಯ್ತಿ. ಖಾಲಿ ಹೋಟೆಲಿಗೆ ಯಾರು ಬರ್ತಾರೆ?"

ಅವಳು ನಕ್ಕಳು. ನಾನು ಗೆದ್ದೆ ಎಂದುಕೊಂಡೆ.

ಬಾಯಿಗೆ ಬಂದ ಹೆಸರು ಎರಡು ಮೂರು ವಾರಕ್ಕೆ ಮುಗಿದುಹೋಯಿತು. ಆಗ ಸಂಘದ ಕಪಾಟಿನಲ್ಲಿ ಒಂದು ಹಳೆಯ ನೋಟ್‌ಬುಕ್ ಸಿಕ್ಕಿತು. ಎಷ್ಟೋ ವರ್ಷದ ಹಿಂದಿನ ಗಣೇಶ ಹಬ್ಬದ ಗಾಯನ ಸ್ಪರ್ಧೆಯದ್ದು. ಹೆಸರು, ವಾಸ, ಹಾಡಿದ ಹಾಡು. ಕೆಲವು ಹೆಸರುಗಳ ಮೇಲೆ ಯಾರೋ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದರು. ಊರು ಬಿಟ್ಟು ಹೋದವರು ಇರಬೇಕು ಎಂದುಕೊಂಡೆ. ಯಾರು ಎಂದು ಒಬ್ಬರನ್ನೂ ಕೇಳಲಿಲ್ಲ. ನನಗೆ ಬೇಕಾದವರು ಅವರೇ — ಬಂದು ತಕರಾರು ಮಾಡದವರು. ಹೆಸರೂ ಸಿಕ್ಕಿತು, ಅವರಿಗೆ ಇಷ್ಟದ ಹಾಡೂ ಸಿಕ್ಕಿತು.

ಆ ಗೆರೆಯ ಕೆಳಗಿನ ಒಂದು ಹೆಸರು, ಸುಧಾಕರ, ಇಲ್ಲೇ ವಡೋದರಾದ ಅಂಚಿನ ಕೊಯಾಲಿ. ಕೊಯಾಲಿಯನ್ನು ನಾನು ತೆಗೆದು ವರಾಛಾ ಹಾಕಿದೆ. ವರಾಛಾದ ಓಣಿಗಳು ನನಗೆ ಅಂಗೈಯಷ್ಟು ಗೊತ್ತು, ಅಲ್ಲಿಯ ವಜ್ರ ಉಜ್ಜುವವರಿಗೆ ನಾನು ಹದಿನೆಂಟು ವರ್ಷ ಚಹಾ ಕಳಿಸಿದವನು. ಮೈಕಿನ ಮುಂದೆ ಕೂತು ಹೇಳಿದೆ: "ಈ ಹಾಡು ಕೇಳಿದವರು ಸೂರತ್ತಿನ ವರಾಛಾದಿಂದ ಸುಧಾಕರ. ದಿನವಿಡೀ ವಜ್ರದ ಚಕ್ರದ ಸದ್ದಿನಲ್ಲಿ ಕೂರುವ ಇವರಿಗೆ ಒಮ್ಮೊಮ್ಮೆ ಈ ಹಾಡು ತಾನಾಗಿ ಕೇಳಿಸುತ್ತದಂತೆ. ಮನೆಯಲ್ಲಿ ಹಾಡುತ್ತಿದ್ದೆ, ಈಗ ಹಾಡುವುದಿಲ್ಲ ಎಂದರು." ನನ್ನ ಕೊನೆಯ ಸಾಲಿಗೆ ನಾನೇ ತಲೆದೂಗಿದೆ.

ಮರುದಿನ ಬೆಳಿಗ್ಗೆ ವಿಮಲಾ ಬಂದಳು.

ವಿಮಲಾ ಆಲ್ಕಾಪುರಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸದವಳು. ಭಾನುವಾರ ಮಧ್ಯಾಹ್ನ ಸಂಘದಲ್ಲಿ ಮಕ್ಕಳಿಗೆ ಅ ಆ ಇ ಈ ತಿದ್ದಿಸುತ್ತಿದ್ದಳು. ಅವಳ ಗಂಡ ಒಂದು ದಿನ ಕೆಲಸ ಹುಡುಕಿಕೊಂಡು ಬರುತ್ತೇನೆ ಎಂದು ಹೋದವನು ತಿರುಗಿ ಬರಲಿಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ವಡೋದರಾಕ್ಕೆ ಬರುವ ಮೊದಲಿನ ಕಥೆ ಅದು. ಆದರೆ ಅವನ ಹೆಸರು ನನಗೆ ಗೊತ್ತಿರಲಿಲ್ಲ. ಅವಳು ಅದನ್ನು ಯಾವತ್ತೂ ಹೇಳಿದವಳಲ್ಲ. ಹಳೆಯ ಕ್ರಮದ ಹೆಂಗಸು, ಗಂಡನ ಹೆಸರು ಎತ್ತುವುದಿಲ್ಲ, 'ನಮ್ಮವರು' ಎಂದರೆ ಮುಗಿಯಿತು.

"ಶೀನಣ್ಣ, ನಿನ್ನೆ ಕೊನೆಯ ಹಾಡು ಕೇಳಿದವರು... ಅವರು ಕಾಗದ ಬರೆದದ್ದಾ?"

"ಫೋನು," ಎಂದೆ. ಯಾಕೆ ಹಾಗೆಂದೆನೋ. ಬಾಯಿಯಲ್ಲಿ ಸುಳ್ಳು ಯಾವಾಗಲೂ ಸಿದ್ಧವಿರುತ್ತಿತ್ತು.

ಅವಳು ಬೆಂಚಿನ ಮೇಲೆ ಕೂತಳು. ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಹಿಡಿಯನ್ನು ತಿರುಚತೊಡಗಿದಳು.

"ನಮ್ಮವರು," ಎಂದಳು. "ಆ ಹೆಸರು, ಆ ಹಾಡು. ನಮ್ಮವರೇ."

ಇಲ್ಲಿ ನಿಲ್ಲಬಹುದಿತ್ತು. ಇಲ್ಲ ಮಗೂ, ಅದು ನಾನೇ ನೋಟ್‌ಬುಕ್ ನೋಡಿ ಓದಿದ್ದು, ತಪ್ಪಾಯಿತು — ಇಷ್ಟೇ ಸಾಕಿತ್ತು. ಒಂದು ನಿಮಿಷದ ಅವಮಾನ. ಆದರೆ ಅವಳ ಮುಖ... ಅಲ್ಲ, ತಪ್ಪನ್ನು ಅವಳ ಮುಖದ ಮೇಲೆ ಹಾಕುವುದು ಬೇಡ. ಎಪ್ಪತ್ತು ವರ್ಷದಲ್ಲಿ ನನ್ನ ಕೀಟಲೆಯನ್ನು ಯಾರೂ ನನ್ನ ಬಾಯಿಂದ ಒಪ್ಪಿಸಿರಲಿಲ್ಲ. ಆ ಹೆಮ್ಮೆಯನ್ನು ಬಿಟ್ಟುಕೊಡುವ ಮನಸ್ಸಾಗಲಿಲ್ಲ.

"ಅವರು ಹೇಗಿದ್ದಾರಂತೆ?" ಎಂದಳು.

"ಚೆನ್ನಾಗಿದ್ದಾನಂತೆ," ಎಂದೆ.

ಅವಳ ಬದುಕನ್ನು ನಿಲ್ಲಿಸಿದ ಮಾತು ಇದೇ. ಇದಕ್ಕಿಂತ ದೊಡ್ಡದು ಏನೂ ಇಲ್ಲ.

ನಂಬರ್ ಕೇಳಿದಳು. ಯಾವುದೋ ಅಂಗಡಿಯಿಂದ ಮಾಡಿದ್ದು, ಉಳಿದಿಲ್ಲ ಎಂದೆ. ಧ್ವನಿ ಹೇಗಿತ್ತು ಎಂದಳು. ಸ್ವಲ್ಪ ಗಡಸು, ನಡುನಡುವೆ ಕೆಮ್ಮು ಎಂದೆ. ಕೆಮ್ಮನ್ನು ನಾನು ರುಚಿಗೆ ಹಾಕಿದ್ದು. ಅವಳು ತಲೆಯೆತ್ತಿ ನೋಡಿದಳು: "ಹೌದು. ಚಳಿ ಬಂದ್ರೆ ಅವರಿಗೆ ಕೆಮ್ಮು."

ನನಗೆ ಗೊತ್ತಿಲ್ಲದ ಇನ್ನೊಂದು ಇತ್ತು. ಅದು ಒಂದು ವಾರದ ಮೇಲೆ ತಿಳಿಯಿತು. ಗಂಡ ಕಾಣೆಯಾಗಿ ಹನ್ನೆರಡು ವರ್ಷ ತುಂಬಿತ್ತು. ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ಸತ್ತ ಎಂದೇ ಎಣಿಸಿ, ದರ್ಭೆಯಲ್ಲಿ ಅವನ ಬೊಂಬೆ ಕಟ್ಟಿ, ಅದನ್ನು ಸುಟ್ಟು ಕ್ರಿಯೆ ಮಾಡುವ ಪದ್ಧತಿ ನಮ್ಮಲ್ಲಿದೆ. ಆ ವರ್ಷದ ಪಿತೃಪಕ್ಷದಲ್ಲಿ ನರ್ಮದೆಯ ದಡದ ಚಾಂದೋದಿನಲ್ಲಿ ಅದನ್ನು ಮುಗಿಸುವುದೆಂದು ವಿಮಲಾ ತೀರ್ಮಾನಿಸಿದ್ದಳು. ಪುರೋಹಿತರಿಗೂ ಹೇಳಿ ಆಗಿತ್ತು. ಆಮೇಲೆ ಅಹಮದಾಬಾದಿನಲ್ಲಿ ಸಣ್ಣ ಹೋಟೆಲ್ ಇಟ್ಟಿದ್ದ ಮಂಜುನಾಥ, ಹೆಂಡತಿ ತೀರಿಹೋದವರು, ಅವಳನ್ನು ಮದುವೆಯಾಗುವುದೆಂದು ಮಾತಾಗಿತ್ತು. ಮಂಜುನಾಥರು ಮೂರು ವರ್ಷದಿಂದ ಕಾದಿದ್ದರು. ಕಾಯುವುದನ್ನು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಆಗ ನಲವತ್ತೊಂಬತ್ತು.

ಅವಳು ಪುರೋಹಿತರಿಗೆ ಬೇಡ ಎಂದು ಹೇಳಿ ಕಳಿಸಿದಳು. ಜೀವ ಇದ್ದವರಿಗೆ ಪಿಂಡ ಇಡಲಿಕ್ಕುಂಟಾ ಎಂದಳಂತೆ. ಮಂಜುನಾಥರಿಗೂ ಬೇಡ ಎಂದಳು.

ಇದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ. ಮೊದಲನೆಯ ಸುಳ್ಳು ತಿಳಿಯದೆ ಹೇಳಿದ್ದು ಎಂದಾದರೂ ಅನ್ನಬಹುದು. ಇದಕ್ಕೆ ಅದೂ ಇಲ್ಲ.

ಗುರುವಾರ ಗುರುವಾರ ಅವಳ ಚೀಟಿ ಬರತೊಡಗಿತು. ಆಸ್ಪತ್ರೆಯ ಚೀಟಿಯ ಹಿಂಬದಿಯಲ್ಲಿ ದುಂಡನೆಯ ಅಕ್ಷರ. ಹೆಸರಿಲ್ಲ, 'ವರಾಛಾದವರಿಗೆ' ಅಷ್ಟೇ. ಕೆಳಗೆ ಒಂದು ಹಾಡು, ಒಂದು ಸಾಲು. 'ಮನೆ ಬದಲಿಸಿಲ್ಲ.' 'ನಿಮ್ಮ ನೀಲಿ ಸ್ವೆಟರ್ ಒಗೆದು ಇಟ್ಟಿದ್ದೇನೆ.' ಒಂದು ವಾರ: 'ಬಾಗಿಲಿನ ಬೀಗ ಹಳೆಯದೇ. ನಿಮ್ಮ ಹತ್ತಿರ ಇರುವ ಕೀಲಿ ಆಗುತ್ತದೆ.'

ಅದನ್ನು ನಾನು ನನ್ನ ಬಾಯಿಂದ ಓದಬೇಕು. ಓದಿದೆ. ಚೆನ್ನಾಗಿಯೇ ಓದಿದೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ. ಅಂಕಲೇಶ್ವರದಿಂದ, ಭರೂಚಿನಿಂದ, ಅಹಮದಾಬಾದಿನಿಂದ ಜನ ಬರೆದರು: ವರಾಛಾದವರು ಈ ವಾರ ಏನೆಂದರು ಎಂದು. ನಿಜವಾದ ಕೋರಿಕೆಗಳು ಬರತೊಡಗಿದವು. ಖಾಲಿ ಹೋಟೆಲು ತುಂಬಿತು. ಹಾಗಾಗಿ ಸುಧಾಕರನೂ ಉತ್ತರ ಕೊಡಬೇಕಾಯಿತು. ನಾಲ್ಕು ವಾರಕ್ಕೊಮ್ಮೆ ಕೊಟ್ಟ. ಅವನೊಬ್ಬ ನಿಜವಾಗಿ ಫೋನ್ ಮಾಡುತ್ತಾನೆ ಎಂದು ಕಾವ್ಯಳಿಗೂ ಹೇಳಿದ್ದೆ. ಬರುತ್ತೇನೆ ಎಂದು ಮಾತ್ರ ನಾನು ಅವನಿಂದ ಹೇಳಿಸಲಿಲ್ಲ. ಅದನ್ನು ಆಗ ನನ್ನ ಒಳ್ಳೆಯತನ ಎಂದೇ ನಂಬಿದ್ದೆ.

ಅವನು ಬರತೊಡಗಿದ್ದು ನನ್ನ ಹತ್ತಿರ. ಭಾನುವಾರದ ಪಟ್ಟಿ ಬರೆಯಲು ಕೂತರೆ ಹಿಂದಿನಿಂದ ಕೆಮ್ಮು ಕೇಳುತ್ತಿತ್ತು. ತಿರುಗಿದರೆ ಬರೀ ಗೋಡೆ. ಹಾಡುಗಳನ್ನು ಜೋಡಿಸುವಾಗ ಕೈ ತಾನಾಗಿ ಅವನಿಗೆ ಬೇಕಾದದ್ದನ್ನು ಆರಿಸುತ್ತಿತ್ತು. ನಾನು ಎಂದೂ ಕೇಳದ ಒಂದು ಹಾಡನ್ನು ಒಂದು ವಾರ ಅವನ ಹೆಸರಿನಲ್ಲಿ ಹಾಕಿದೆ. ವಿಮಲಾ ಸೋಮವಾರ ಬಂದು, "ಅದು ನಮ್ಮ ಮದುವೆಯ ದಿನ ಅವರು ಹಾಡಿದ್ದು, ಶೀನಣ್ಣ" ಎಂದಳು. ಬೇಕಾದರೆ ನಂಬಿ. ನಾನಂತೂ ಆ ದಿನ ಊಟ ಮಾಡಲಿಲ್ಲ.

ಆಮೇಲೆ ಅವಳು ಹುಡುಕಲು ಹೊರಟಳು. ಸೂರತ್ ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತು. ಹಾಗಾಗಿ ಜೊತೆಗೆ ಯಾರು ಹೋಗಬೇಕು, ಹೇಳಿ?

ತಿಂಗಳಿಗೊಂದು ಶನಿವಾರ, ಬೆಳಗಿನ ರೈಲು. ವರಾಛಾದ ಓಣಿಗಳಲ್ಲಿ ನಾನು ಮುಂದೆ, ಅವಳು ಹಿಂದೆ. ಒಂದೊಂದು ಕಾರ್ಖಾನೆಯ ಮೆಟ್ಟಿಲು ಹತ್ತಿ, ಚಕ್ರಗಳ ಸದ್ದಿನ ನಡುವೆ ಗಂಡನ ಹಳೆಯ ಫೋಟೋ ತೋರಿಸುತ್ತಿದ್ದಳು. ನಾನು ಅದನ್ನು ಗುಜರಾತಿಯಲ್ಲಿ ವಿವರಿಸುತ್ತಿದ್ದೆ. ಇಲ್ಲದವನ ವಯಸ್ಸು, ಎತ್ತರ, ಕೆಮ್ಮು. ಅವಳ ಕೊಡೆ, ನೀರಿನ ಬಾಟಲಿ ಹಿಡಿದುಕೊಂಡು ನಿಲ್ಲುತ್ತಿದ್ದೆ. "ನೀವು ಇಲ್ಲದಿದ್ರೆ ನಾನು ಏನು ಮಾಡ್ತಿದ್ದೆ ಶೀನಣ್ಣ" ಎನ್ನುತ್ತಿದ್ದಳು.

ಒಮ್ಮೆ ಒಬ್ಬ ಮೇಸ್ತ್ರಿ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಹಾಂ ಬೆಹೆನ್, ಐಸಾ ಏಕ್ ಆದ್ಮಿ ಥಾ. ಗಾತಾ ಥಾ," ಎಂದ. ಹೌದು, ಇಂಥವನೊಬ್ಬ ಇದ್ದ, ಹಾಡುತ್ತಿದ್ದ ಎಂದು. ವಿಮಲಾ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನು ಅವನನ್ನು ಪಕ್ಕಕ್ಕೆ ಕರೆದು, ನಿಜವಾಗಿಯೂ ನೋಡಿದ್ದೀಯಾ ಎಂದೆ. ಅವನು ಭುಜ ಕುಣಿಸಿದ. ಅಷ್ಟು ದೂರದಿಂದ ಬಂದಿದ್ದಾಳೆ ಕಾಕಾ, ಬರೀ ಕೈಯಲ್ಲಿ ಹೇಗೆ ಕಳಿಸಲಿ ಎಂದ. ಅವನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ — ಕೈ ಎತ್ತುವುದೊಂದು ಬಾಕಿ. ಆಮೇಲೆ ನನ್ನ ಕೈಯನ್ನೇ ನೋಡಿಕೊಂಡೆ.

ಅದೇ ದಿನ, ಬಜಾರಿನ ಗದ್ದಲದಲ್ಲಿ, ನೀಲಿ ಸ್ವೆಟರಿನ ಒಬ್ಬ ಮನುಷ್ಯ ನಮ್ಮ ಮುಂದೆ ಬೆನ್ನು ಹಾಕಿ ಹೋಗುತ್ತಿದ್ದ. ವಿಮಲಾ ನೋಡಿರಲಿಲ್ಲ. ನಾನು ನೋಡಿದೆ. ನಾನು — ಎಲ್ಲವೂ ಸುಳ್ಳೆಂದು ಬಲ್ಲ ಒಬ್ಬನೇ ಮನುಷ್ಯ — "ಸುಧಾಕರಾ!" ಎಂದು ಕೂಗಿ ಓಡಿದೆ. ಅವನು ತಿರುಗಿದ. ಯಾರೋ. ವಿಮಲಾ ಏದುಸಿರು ಬಿಡುತ್ತ ಬಂದು ನನ್ನ ತೋಳು ಹಿಡಿದಳು. ಅವಳೇ ನನಗೆ ಸಮಾಧಾನ ಹೇಳಿದಳು.

ಸಾಯಂಕಾಲ ತಿರುಗಿ ಬರುವಾಗ, ರೈಲು ಭರೂಚಿನ ಹತ್ತಿರ ನರ್ಮದೆಯ ಸೇತುವೆಯ ಮೇಲೆ ಬಂದಿತ್ತು. ಅವಳು ಕಿಟಕಿಯತ್ತ ಕೈಮುಗಿದಳು. ನಾನು ಹೇಳಿಬಿಟ್ಟೆ. ಸುಧಾಕರ ಫೋನ್ ಮಾಡಿಲ್ಲ, ವಿಮಲಾ. ಎಲ್ಲ ನಾನೇ ಕಟ್ಟಿದ್ದು. ತಮಾಷೆಗೆ ಶುರುವಾದದ್ದು.

ಅವಳು ನನ್ನನ್ನು ನೋಡಿದಳು. ನಕ್ಕಳು!

"ಸಾಕು ಸುಮ್ಮನಿರಿ, ಶೀನಣ್ಣ. ನಿಮಗೆ ಎಂತದರಲ್ಲೂ ತಮಾಷೆಯೇ. ವಡೆಯ ತೂತಿನ ಕಥೆ ನನಗೂ ಗೊತ್ತುಂಟು."

"ಇದು ತಮಾಷೆ ಅಲ್ಲ ಮಾರಾಯ್ತಿ. ದೇವರಾಣೆ."

ಆಗ ಅವಳ ನಗು ಹೋಯಿತು. ತಗ್ಗಿದ ಧ್ವನಿಯಲ್ಲಿ ಕೇಳಿದಳು: "ಅವರೇ ಹೀಗೆ ಹೇಳಿ ಅಂದ್ರಾ? ನಾನು ಹುಡುಕಿಕೊಂಡು ಬರುದು ಅವರಿಗೆ ಇಷ್ಟ ಇಲ್ವಾ?"

ನನ್ನ ನಿಜಕ್ಕೆ ಬೆಲೆ ಅಷ್ಟೇ ಉಳಿದಿತ್ತು. ಜೀವಮಾನವಿಡೀ ನಾನೇ ದುಡಿದು ಕಳೆದದ್ದು. ಆಣೆ ಇಟ್ಟರೆ ಇನ್ನೂ ದೊಡ್ಡ ಕೀಟಲೆ ಎನ್ನುತ್ತಾರೆ. ನನ್ನ ಬಾಯಿಂದ ಬಂದದ್ದರಲ್ಲಿ ಅವಳು ನಂಬಿದ್ದು ರೇಡಿಯೋದಲ್ಲಿ ಹೇಳಿದ್ದನ್ನು ಮಾತ್ರ.

ಅಷ್ಟಾಗಿಯೂ ನಾನು ಇನ್ನೂ ಐದು ತಿಂಗಳು ತೆಗೆದುಕೊಂಡೆ. ಸುಧಾಕರನ ಉತ್ತರಗಳನ್ನು ನಿಲ್ಲಿಸಿದೆ, ತಾನಾಗಿ ಆರಿಹೋಗಲಿ ಎಂದು. ಅವಳ ಚೀಟಿ ನಿಲ್ಲಲಿಲ್ಲ. ಆ ನಡುವೆ ಮಂಜುನಾಥರು ಮದುವೆಯಾದರು, ಬ್ರಹ್ಮಾವರ ಕಡೆಯ ಒಬ್ಬ ಹೆಂಗಸನ್ನು. ಸಂಘದ ಯುಗಾದಿ ಊಟಕ್ಕೆ ಇಬ್ಬರೂ ಬಂದಿದ್ದರು. ಹೋಳಿಗೆ ಬಡಿಸುತ್ತಿದ್ದವಳು ವಿಮಲಾ. ಅವರ ಎಲೆಯ ಮುಂದೆ ಬಗ್ಗಿ, "ಇನ್ನೊಂದು ಹಾಕ್ಲಾ?" ಎಂದಳು. ಮಂಜುನಾಥರು ಕೈ ಅಡ್ಡ ಹಿಡಿದರು, ಮುಖ ಎತ್ತಲಿಲ್ಲ. ಅವಳು ಮುಂದಿನ ಎಲೆಗೆ ಹೋದಳು. ಮುಂದಿನ ಎಲೆ ನನ್ನದು. ನನಗೆ ಎರಡು ಹಾಕಿದಳು.

ಅದರ ನಂತರದ ಭಾನುವಾರ ನಾನು ಒಂಬತ್ತು ಹಾಡಿನ ಪಟ್ಟಿ ಬರೆಯಲಿಲ್ಲ. ಕಾವ್ಯ, "ಅಂಕಲ್, ಹಾಡು ಕೊಡ್ರಿ, ಟೈಮ್ ಆತು" ಎಂದಳು. ಇವತ್ತು ಹಾಡಿಲ್ಲ ಎಂದೆ. ಹತ್ತರಿಂದ ಹನ್ನೊಂದರ ತನಕ, ಮೊದಲ ದಿನದಿಂದ, ಒಂದೊಂದಾಗಿ ಹೇಳಿದೆ. ಯಾವ ಹೆಸರನ್ನು ಯಾವ ಪುಟದಿಂದ ತೆಗೆದೆ. ಕೆಮ್ಮು ಹೇಗೆ ಹಾಕಿದೆ. ಯಾವ ಸಾಲನ್ನು ಚಹಾ ಕುಡಿಯುತ್ತ ಬರೆದೆ, ಯಾವುದಕ್ಕೆ ನಾನೇ ಮೆಚ್ಚಿಕೊಂಡೆ. ವಿಮಲಾಳ ಹೆಸರು ಮಾತ್ರ ಎತ್ತಲಿಲ್ಲ. ಮೊದಲ ಹತ್ತು ನಿಮಿಷ ಪರದೆಯ ಮೇಲೆ ನಗುವ ಮುಖಗಳು ಬರುತ್ತಿದ್ದವು. ಶೀನಣ್ಣ ಹೊಸದೇನೋ ಮಾಡುತ್ತಿದ್ದಾರೆ ಎಂದು. ಆಮೇಲೆ ಒಂದೂ ಬರಲಿಲ್ಲ. ಕಾವ್ಯ ಕಿವಿಯ ಹೆಡ್‌ಫೋನ್ ತೆಗೆದು ಗೋಡೆ ನೋಡುತ್ತ ಕೂತಿದ್ದಳು.

ಸೋಮವಾರ ವಿಮಲಾ ಬಂದಳು. ಆಸ್ಪತ್ರೆಗೆ ಹೋಗುವ ಸೀರೆ, ಹೆಗಲಿಗೆ ಚೀಲ. ಕೂರಲಿಲ್ಲ. ಬೈಯಲಿ ಎಂದು ಕಾದೆ. ಹೊಡೆದರೂ ಆದೀತು ಎಂದು ಕಾದೆ. ಅವಳ ಕಣ್ಣಿನಲ್ಲಿ ಸಿಟ್ಟು ಕೂಡ ಇರಲಿಲ್ಲ. ಏನೋ ಕಳೆದುಕೊಂಡು ಅದು ಏನೆಂದು ನೆನಪಿಸಿಕೊಳ್ಳುತ್ತಿರುವವಳ ಹಾಗೆ ನಿಂತಿದ್ದಳು.

"ಹಾಗಾದ್ರೆ ಅವರು ಎಲ್ಲಿದ್ದಾರೆ, ಶೀನಣ್ಣ?" ಎಂದು ಕೇಳಿದಳು.

ಹನ್ನೆರಡು ವರ್ಷ ಹೊತ್ತ ಆ ಪ್ರಶ್ನೆಯನ್ನು ಅವಳು ಒಂದು ಪಿತೃಪಕ್ಷದಲ್ಲಿ ನದಿಯ ದಡದಲ್ಲಿ ಇಳಿಸಿ ಮನೆಗೆ ಬರುವವಳಿದ್ದಳು. ನಾನು ಅದನ್ನು ಅವಳ ಕೈಯಿಂದ ಕಸಿದುಕೊಂಡು, ಎರಡು ವರ್ಷ ಅದರ ಜೊತೆ ಆಡಿ, ಮತ್ತೆ ಅವಳ ತಲೆಯ ಮೇಲೇ ಇಟ್ಟೆ.

ಬಾಯಿ ತೆರೆದೆ. ಯಾವತ್ತೂ ಏನಾದರೂ ಇರುತ್ತಿದ್ದ ಬಾಯಿ. ಗೊತ್ತಿಲ್ಲ ವಿಮಲಾ ಎಂದೆ. ಅವಳಿಗೆ ನಾನು ಹೇಳಿದ್ದರಲ್ಲಿ, ಅವಳು ತಡವಿಲ್ಲದೆ ನಂಬಿದ ಮೊದಲ ನಿಜ ಅದು.